ಏರಿ ಇಳಿಯುವ ಸಂಖ್ಯೆ: ಮಹಾವೀರಾಚಾರ್ಯನ 12345654321

ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಹೆಚ್ಚು ದೂರವಲ್ಲದ ಕಡೆ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಎಂಬ ಊರಿದೆ. ಒಂಬತ್ತನೆಯ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಅರಸನನ್ನು ಆರಂಭದ ಶ್ಲೋಕಗಳಲ್ಲಿ ಕೊಂಡಾಡಿ, ಸುಮಾರು 850ರ ವೇಳೆಗೆ ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಕವಿರಾಜಮಾರ್ಗದ ಹೆಸರು ಬಲ್ಲವರಲ್ಲಿ ಈ ಗ್ರಂಥದ ಹೆಸರನ್ನೂ ಬಲ್ಲವರು ಕಡಿಮೆ. ಸಾವಿರಕ್ಕೂ ಹೆಚ್ಚು ಶ್ಲೋಕಗಳ ಈ ಪುಸ್ತಕದಲ್ಲಿ ಬಡ್ಡಿಯ ಲೆಕ್ಕ, ಭಿನ್ನರಾಶಿ, ಕ್ಷೇತ್ರಫಲ ಎಲ್ಲವೂ ಇವೆ. ಈ ಲೇಖನದ ವಿಷಯ ಮಾತ್ರ ಅದರೊಳಗಿನ ಒಂದೇ ಒಂದು ಸಂಖ್ಯೆ.

ಗುಣಾಕಾರವನ್ನು ಕಲಿಸುವ ಭಾಗದಲ್ಲಿ ಮಹಾವೀರನು ಕೆಲವು ವಿಚಿತ್ರ ಲೆಕ್ಕಗಳನ್ನು ಕೊಡುತ್ತಾನೆ. ಗುಣಿಸಬೇಕಾದ ಸಂಖ್ಯೆಗಳನ್ನು ನೋಡಿದರೆ ಅವುಗಳಲ್ಲಿ ಯಾವ ಚೆಲುವೂ ಕಾಣದು. ಗುಣಿಸಿ ಮುಗಿಸಿದಾಗ ಬರುವ ಉತ್ತರ ಮಾತ್ರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಕೆಲವು ಉತ್ತರಗಳನ್ನು ಅವನು ಕೊರಳ ಹಾರವೆಂದೇ ಕರೆದಿದ್ದಾನೆ. ಅವುಗಳಲ್ಲಿ ಒಂದು ಇದು:

27994681 × 441 = 12345654321

ಒಂದರಿಂದ ತೊಡಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಅಂಕಿಗಳು. ನಮ್ಮ ಎಣಿಕೆಯಲ್ಲಿ ಇದು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರನಿಗೆ ಇದೇನೂ ದೊಡ್ಡ ಸಂಖ್ಯೆಯಲ್ಲ. ಏಕ, ದಶ, ಶತ ಎಂದು ಆರಂಭಿಸಿ ‘ಮಹಾಕ್ಷೋಭ’ದವರೆಗೆ ಅವನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ, ನಮ್ಮ ಸಂಖ್ಯೆ ಹನ್ನೊಂದನೆಯ ಸ್ಥಾನವಾದ ‘ಅರ್ಬುದ’ದಲ್ಲೇ ಮುಗಿಯುತ್ತದೆ.

ಮೊದಲಿಗೆ, ಉತ್ತರ ಸರಿಯೇ ಎಂದು ನಾವೇ ನೋಡೋಣ. ಯಂತ್ರ ಬೇಡ, ಕಾಗದ ಸಾಕು. 441 ಎಂದರೆ 400 ಮತ್ತು 41. 27994681ನ್ನು 400ರಿಂದ ಗುಣಿಸಿದರೆ 11197872400. 41ರಿಂದ ಗುಣಿಸಿದರೆ 1147781921. ಎರಡನ್ನೂ ಕೂಡಿಸಿದಾಗ ಹಾರ ಕಾಣಿಸಿಕೊಳ್ಳುತ್ತದೆ. ಆದರೆ ಹೀಗೆ ಗುಣಿಸಿ ನೋಡಿದ್ದರಿಂದ ಉತ್ತರ ಸರಿಯೆಂದು ಮಾತ್ರ ತಿಳಿಯಿತು. ಅದು ಹೀಗೇಕೆ ಬಂತೆಂಬುದು ತಿಳಿಯಲಿಲ್ಲ. ಇಂಥ ಸಂಖ್ಯೆಗಳು ಮೊಬೈಲ್ ಫೋನಿನಲ್ಲಿ ಇಂದಿಗೂ ‘ಗಣಿತದ ಪವಾಡ’ ಎಂಬ ತಲೆಬರಹ ಹೊತ್ತು ಓಡಾಡುತ್ತಿರುತ್ತವೆ. ಪವಾಡವೆಂದು ಕೈಮುಗಿದು ಮುಂದೆ ಹೋಗುವುದು ಮಹಾವೀರನಿಗೆ ಮಾಡುವ ಅನ್ಯಾಯ. ಅವನು ಇದನ್ನು ಕೊಟ್ಟದ್ದು ಗುಣಾಕಾರ ಕಲಿಯುತ್ತಿದ್ದ ವಿದ್ಯಾರ್ಥಿಗೆ.

441 ಎಂಬುದು 21ರ ವರ್ಗ. ಇದು ಹಲವರಿಗೆ ಬಾಯಲ್ಲೇ ಇರುತ್ತದೆ. 27994681 ಕೂಡ ಒಂದು ವರ್ಗಸಂಖ್ಯೆ ಎಂಬುದು ಮೇಲ್ನೋಟಕ್ಕೆ ತೋರುವುದಿಲ್ಲ. ಅದು 5291ರ ವರ್ಗ. ಎರಡು ವರ್ಗಗಳನ್ನು ಗುಣಿಸಿದರೆ ಬರುವುದು ಆ ಎರಡು ಮೂಲಗಳ ಗುಣಲಬ್ಧದ ವರ್ಗ. ಆದ್ದರಿಂದ ಮೊದಲು 21 ಮತ್ತು 5291ನ್ನು ಗುಣಿಸಿ ನೋಡಬಹುದು. ಸಿಗುವುದು 111111, ಸಾಲಾಗಿ ಆರು ಒಂದುಗಳು. ಹಾಗಾದರೆ ಮಹಾವೀರನ ಸಂಖ್ಯೆ ಬೇರೇನೂ ಅಲ್ಲ, 111111 × 111111.

ಈಗ ಈ ಗುಣಾಕಾರವನ್ನು ಶಾಲೆಯಲ್ಲಿ ಕಲಿತಂತೆ ಸಾಲು ಸಾಲಾಗಿ ಬರೆಯೋಣ. ಗುಣಿಸುವ ಪ್ರತಿಯೊಂದು ಅಂಕಿಯೂ ಒಂದೇ ಆದುದರಿಂದ ಪ್ರತಿಯೊಂದು ಸಾಲಿನಲ್ಲೂ 111111 ಎಂದೇ ಬರುತ್ತದೆ. ಒಟ್ಟು ಆರು ಸಾಲು. ಪ್ರತಿ ಸಾಲು ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಹೆಂಚಿನ ಮಾಡಿನಲ್ಲಿ ಸಾಲಿನ ಮೇಲೆ ಸಾಲು ಸ್ವಲ್ಪ ಸರಿದು ಕೂರುವಂತೆ. ಕಂಬಸಾಲುಗಳನ್ನು ಮೇಲಿನಿಂದ ಕೆಳಗೆ ಕೂಡಿಸುತ್ತಾ ಬನ್ನಿ. ಬಲತುದಿಯ ಬಿಡಿಯ ಮನೆಯಲ್ಲಿ ಒಂದೇ ಒಂದು ‘1’ ಇದೆ. ಹತ್ತರ ಮನೆಯಲ್ಲಿ ಎರಡು ಒಂದುಗಳು, ನೂರರ ಮನೆಯಲ್ಲಿ ಮೂರು. ಆರನೆಯ ಮನೆಯಲ್ಲಿ ಎಲ್ಲ ಆರು ಸಾಲುಗಳೂ ಒಂದರ ಕೆಳಗೊಂದು ಸೇರುತ್ತವೆ. ಅಲ್ಲಿಂದಾಚೆಗೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುತ್ತಾ ಹೋಗುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು. ಉತ್ತರದ ಪ್ರತಿಯೊಂದು ಅಂಕಿಯೂ ಆ ಮನೆಯಲ್ಲಿ ಎಷ್ಟು ಸಾಲುಗಳು ಸೇರಿವೆ ಎಂಬುದರ ಎಣಿಕೆ. ಅಂಕಿಗಳೆಲ್ಲವನ್ನೂ ಕೂಡಿಸಿದರೆ 36 ಬರುವುದೂ ಇದೇ ಕಾರಣಕ್ಕೆ: ಆರು ಸಾಲು, ಸಾಲಿಗೆ ಆರು ಒಂದುಗಳು, ಒಟ್ಟು ಮೂವತ್ತಾರು. ಒಂದೂ ಕಳೆದುಹೋಗಿಲ್ಲ.

ಇಷ್ಟೆಲ್ಲ ಅಚ್ಚುಕಟ್ಟಾಗಿ ನಡೆಯುವುದು ಒಂದು ಷರತ್ತಿನ ಮೇಲೆ. ಯಾವ ಮನೆಯ ಮೊತ್ತವೂ ಹತ್ತನ್ನು ಮುಟ್ಟಬಾರದು. ಮುಟ್ಟಿದರೆ ದಶಕವನ್ನು ಎಡಗಡೆಯ ಮನೆಗೆ ಒಯ್ಯಬೇಕಾಗುತ್ತದೆ, ಆಗ ಆ ಮನೆಯ ಅಂಕಿ ತನ್ನ ಎಣಿಕೆಯನ್ನು ತೋರಿಸುವುದಿಲ್ಲ.

ನಾನು ಕಲಿತ ಶಾಲೆಯಲ್ಲಿ ಮೇಷ್ಟ್ರೊಬ್ಬರು ಕರಿಹಲಗೆಯ ಮೇಲೆ ಈ ಮೆಟ್ಟಿಲನ್ನು ಬರೆದಿದ್ದರು: 1ರ ವರ್ಗ 1, 11ರ ವರ್ಗ 121, 111ರ ವರ್ಗ 12321, ಹೀಗೆ ಕೆಳಗೆ ಇಳಿದು ಒಂಬತ್ತು ಒಂದುಗಳ ವರ್ಗ 12345678987654321 ಎಂಬಲ್ಲಿಗೆ ಹಲಗೆಯೂ ತುಂಬಿತು, ಗಂಟೆಯೂ ಹೊಡೆಯಿತು. ಹತ್ತು ಒಂದುಗಳನ್ನು ತೆಗೆದುಕೊಂಡರೆ ಏನಾಗುವುದೆಂದು ನಾವು ಯಾರೂ ಕೇಳಲಿಲ್ಲ. ಒಂಬತ್ತು ಸಲ ನಡೆದದ್ದು ಹತ್ತನೆಯ ಸಲವೂ ನಡೆಯುತ್ತದೆಂದು ನಂಬಿಬಿಟ್ಟಿದ್ದೆವು. ನಡೆಯುವುದಿಲ್ಲ:

1111111111 × 1111111111 = 1234567900987654321

ನಡುವಿನ ಮನೆಯಲ್ಲಿ ಹತ್ತು ಒಂದುಗಳು ಸೇರುತ್ತವೆ. ಅಲ್ಲಿ ಸೊನ್ನೆ ಬರೆದು ಒಂದನ್ನು ಎಡಕ್ಕೆ ಒಯ್ಯಬೇಕು. ಎಡಗಡೆಯ ಮನೆಯಲ್ಲಿ ಮೊದಲೇ ಒಂಬತ್ತಿತ್ತು, ಈಗ ಅದೂ ಹತ್ತಾಗುತ್ತದೆ. ಮತ್ತೆ ಸೊನ್ನೆ, ಮತ್ತೆ ದಶಕ. ಅದರಾಚೆಯ ಎಂಟು ಒಂಬತ್ತಾಗಿ ನಿಲ್ಲುತ್ತದೆ. ಬಲಭಾಗಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ದಶಕವು ಎಡಕ್ಕೆ ಮಾತ್ರ ಚಲಿಸುತ್ತದೆ. ಹೀಗೆ ಒಂದು ಪಾರ್ಶ್ವ ಕೆಡುತ್ತದೆ, ಇನ್ನೊಂದು ಪಾರ್ಶ್ವ ಹಾಗೆಯೇ ಉಳಿಯುತ್ತದೆ.

ಎಡಭಾಗವನ್ನು ಇನ್ನೊಮ್ಮೆ ನೋಡಿ: 1, 2, 3, 4, 5, 6, 7, ಅನಂತರ 9. ಎಂಟು ಕಾಣೆಯಾಗಿದೆ. ಈ ಎಂಟಿಲ್ಲದ ಸಾಲು ಮಹಾವೀರನ ಇನ್ನೊಂದು ಲೆಕ್ಕದಲ್ಲೂ ಬರುತ್ತದೆ: 12345679 × 9 = 111111111. ಎಂಟು ಎಲ್ಲಿ ಹೋಯಿತೆಂದು ಬೆರಗುಪಡುವವರು ಬಹಳ. ಅದು ಎಲ್ಲಿಗೂ ಹೋಗಿಲ್ಲ, ಹಿಂದಿನಿಂದ ಬಂದ ದಶಕವನ್ನು ಹೊತ್ತು ಒಂಬತ್ತಾಗಿದೆ. 1ನ್ನು 81ರಿಂದ ಭಾಗಿಸಿದರೆ 0.012345679012345679… ಎಂದು ಇದೇ ಸಾಲು ಕೊನೆಯಿಲ್ಲದೆ ಆವರ್ತಿಸುತ್ತದೆ. ಮೂರೂ ಕಡೆ ನಡೆದಿರುವುದು ಒಂದೇ ಸಂಗತಿ.

ಇಲ್ಲಿಯವರೆಗೆ ಹೇಳಿದ್ದು ಸಂಖ್ಯೆಯನ್ನು ಬರೆಯುವ ಕ್ರಮಕ್ಕೆ ಸಂಬಂಧಿಸಿದ ಗುಣ. ನಾವು ಹತ್ತರ ಗುಂಪುಗಳಲ್ಲಿ ಎಣಿಸುವುದರಿಂದ ಮೆಟ್ಟಿಲು ಒಂಬತ್ತರವರೆಗೆ ಏರುತ್ತದೆ. ಎಂಟರ ಗುಂಪುಗಳಲ್ಲಿ ಎಣಿಸುವ ಜನರಿದ್ದರೆ ಅವರ ಮೆಟ್ಟಿಲು ಏಳಕ್ಕೇ ನಿಲ್ಲುತ್ತಿತ್ತು. ಡಜನ್ ಲೆಕ್ಕದಲ್ಲಿ ಬರೆಯುವವರಿಗೆ ಹನ್ನೊಂದರವರೆಗೆ ಏರುತ್ತಿತ್ತು. ಇನ್ನೊಂದು ಬಗೆಯ ಗುಣಗಳಿವೆ. ಅವು ಬರವಣಿಗೆಗೆ ಸೇರಿದವಲ್ಲ, ಪರಿಮಾಣಕ್ಕೆ ಸೇರಿದವು. 12345654321 ಅಡಿಕೆಗಳನ್ನು ಅಂಗಳದಲ್ಲಿ ರಾಶಿ ಹಾಕಿ, ಯಾವ ಲಿಪಿಯಲ್ಲೂ ಬರೆಯದೆ ಬಿಟ್ಟರೂ ಆ ಗುಣಗಳು ಉಳಿಯುತ್ತವೆ. ಆ ರಾಶಿಯನ್ನು ಎಷ್ಟು ಬಗೆಯಲ್ಲಿ ಸಮಪಾಲು ಮಾಡಬಹುದು ಎಂಬುದು ಅಂಥ ಒಂದು ಪ್ರಶ್ನೆ.

ಅದಕ್ಕಾಗಿ 111111ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಬೇಕು. 111ನ್ನು 1001ರಿಂದ ಗುಣಿಸಿದರೆ 111111. 111 ಎಂದರೆ 3 × 37. 1001 ಎಂದರೆ 7 × 11 × 13. ಹೀಗಾಗಿ

111111 = 3 × 7 × 11 × 13 × 37

ಐದು ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದೇ ಸಲ. ಮಹಾವೀರನ ಸಂಖ್ಯೆಯಲ್ಲಿ ಪ್ರತಿಯೊಂದೂ ಎರಡೆರಡು ಸಲ. ಒಂದು ಭಾಜಕವನ್ನು ಕಟ್ಟುವಾಗ ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು, ಮೂರು ದಾರಿಗಳು. ಐದು ಅವಿಭಾಜ್ಯಗಳಿಗೆ 3 × 3 × 3 × 3 × 3, ಅಂದರೆ 243 ಭಾಜಕಗಳು. ಇದು ಬೆಸಸಂಖ್ಯೆಯಾಗಿರುವುದು ಆಕಸ್ಮಿಕವಲ್ಲ. ಸಾಮಾನ್ಯವಾಗಿ ಭಾಜಕಗಳು ಜೋಡಿ ಜೋಡಿಯಾಗಿ ಬರುತ್ತವೆ. ವರ್ಗಸಂಖ್ಯೆಯಲ್ಲಿ ಮಾತ್ರ ಒಂದು ಭಾಜಕ ತನಗೆ ತಾನೇ ಜೋಡಿ. ಇಲ್ಲಿ ಒಂಟಿಯಾಗಿ ಉಳಿಯುವುದು 111111.

ಈ ಐದು ಅವಿಭಾಜ್ಯಗಳು ಯಾವುವೋ ಬಿಡಿ ಸಂಖ್ಯೆಗಳಲ್ಲ. 1ನ್ನು 7ರಿಂದ ಭಾಗಿಸಿದರೆ 142857 ಎಂಬ ಆರು ಅಂಕಿಗಳು ಆವರ್ತಿಸುತ್ತವೆ ಎಂಬುದನ್ನು ಎಲ್ಲರೂ ಶಾಲೆಯಲ್ಲಿ ಕಂಡಿರುತ್ತೇವೆ. 13ರಿಂದ ಭಾಗಿಸಿದರೂ ಆರು ಅಂಕಿಗಳೇ: 076923. 37ಕ್ಕೆ ಮೂರು ಅಂಕಿ, 11ಕ್ಕೆ ಎರಡು, 3ಕ್ಕೆ ಒಂದು. ಮೂರು, ಎರಡು, ಒಂದು ಇವೆಲ್ಲ ಆರನ್ನು ಸರಿಯಾಗಿ ಭಾಗಿಸುವ ಸಂಖ್ಯೆಗಳು. 999999ನ್ನು ಶೇಷವಿಲ್ಲದೆ ಭಾಗಿಸುವ ಅವಿಭಾಜ್ಯಗಳಿಗೆ ಮಾತ್ರ ಇಂಥ ಆವರ್ತ ಬರುತ್ತದೆ, ಮತ್ತು 999999 ಎಂದರೆ ಒಂಬತ್ತು ಸಲ 111111. ಏಳನೆಯ ಮಗ್ಗಿಯ ಈ ನಂಟನ್ನು ಮಹಾವೀರ ಬಲ್ಲವನಾಗಿದ್ದನು. 142857143 × 7 = 1000000001 ಎಂಬುದೂ ಅವನ ಹಾರಗಳಲ್ಲೊಂದು. ಆ ಸಂಖ್ಯೆಯ ಮೊದಲ ಆರು ಅಂಕಿಗಳು ನಮಗೆ ಪರಿಚಿತವಾದ 142857. ಕೊನೆಯ ಮೂರು 143. ಮೊದಲ ಭಾಗವನ್ನು ಏಳರಿಂದ ಗುಣಿಸಿದರೆ 999999, ಎರಡನೆಯದನ್ನು ಗುಣಿಸಿದರೆ 1001. ಮೂರು ಮನೆ ಸರಿಸಿ ಕೂಡಿಸಿದಾಗ ಒಂಬತ್ತುಗಳೆಲ್ಲ ಒಂದರ ಹಿಂದೊಂದು ಮಗುಚಿ, ಎರಡು ತುದಿಗಳಲ್ಲಿ ಎರಡು ಒಂದುಗಳು ಮಾತ್ರ ಉಳಿಯುತ್ತವೆ.

ಇನ್ನು ಅವನು 21ನ್ನೇ ಏಕೆ ಆರಿಸಿದನು? 111111ಕ್ಕೆ 32 ಭಾಜಕಗಳಿವೆ. ಅವುಗಳನ್ನು ಜೋಡಿ ಮಾಡಿದರೆ ಹದಿನಾರು ಜೋಡಿ. ಒಂದು ಮತ್ತು ಅದೇ ಸಂಖ್ಯೆಯ ಜೋಡಿಯನ್ನು ಬಿಟ್ಟರೂ ಹದಿನೈದು ದಾರಿಗಳು ಅವನ ಮುಂದಿದ್ದವು. 11ನ್ನು ಆರಿಸಿದ್ದರೆ ಲೆಕ್ಕ 102030201 × 121 ಎಂದಾಗುತ್ತಿತ್ತು. ಪ್ರಶ್ನೆಯಲ್ಲೇ ಹಾರದ ಗುರುತು ಸಿಕ್ಕಿಬಿಡುತ್ತಿತ್ತು. 37ನ್ನು ಆರಿಸಿದ್ದರೆ 9018009 × 1369. ಅಲ್ಲಿಯೂ ಸೊನ್ನೆಗಳು ಗುಟ್ಟು ಬಿಟ್ಟುಕೊಡುತ್ತವೆ. 27994681ರಲ್ಲಿ ಮಾತ್ರ ಯಾವ ಸುಳಿವೂ ಇಲ್ಲ, 441 ಕೈಯಿಂದ ಗುಣಿಸುವುದಕ್ಕೆ ಹಗುರವೂ ಹೌದು. ಒಳ್ಳೆಯ ಮೇಷ್ಟ್ರ ಆಯ್ಕೆ ಎಂದು ನನಗೆ ತೋರುತ್ತದೆ. 7 ಅಥವಾ 13 ಕೂಡ ಆ ಕೆಲಸ ಮಾಡುತ್ತಿದ್ದವು ಎಂಬುದನ್ನು ಒಪ್ಪಬೇಕು: 251952129 × 49, 73051209 × 169, ಇವೆರಡರ ಉತ್ತರವೂ ಅದೇ.

ಇಷ್ಟು ಶ್ರಮಪಟ್ಟು ಗುಟ್ಟನ್ನು ಅಡಗಿಸಿದ್ದು ವಿನೋದಕ್ಕಾಗಿಯೇ ಇರಬಹುದು. ಆದರೆ ಅದರಲ್ಲೊಂದು ಪ್ರಯೋಜನವೂ ಇದೆ. ಒಬ್ಬಂಟಿಯಾಗಿ ಲೆಕ್ಕ ಮಾಡುವ ವಿದ್ಯಾರ್ಥಿ ತನ್ನ ಉತ್ತರ ಸರಿಯೆಂದು ತಿಳಿಯುವುದು ಹೇಗೆ? ಮೇಷ್ಟ್ರು ಪಕ್ಕದಲ್ಲಿಲ್ಲ, ಪುಸ್ತಕದ ಹಿಂದೆ ಉತ್ತರಗಳ ಪಟ್ಟಿಯೂ ಇಲ್ಲ. ನಮ್ಮ ಹಿರಿಯರು ಅಂಕಿಗಳನ್ನು ಕೂಡಿಸಿ, ಒಂಬತ್ತುಗಳನ್ನು ತೆಗೆದುಹಾಕಿ ತಾಳೆ ನೋಡುತ್ತಿದ್ದರು. ಆ ಉಪಾಯ ಇಲ್ಲಿ ಸಾಲದು. 441 ಒಂಬತ್ತರಿಂದ ಭಾಗವಾಗುವ ಸಂಖ್ಯೆ. ಆದ್ದರಿಂದ ಅದನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಉತ್ತರ ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ. ವಿದ್ಯಾರ್ಥಿ 27994681ರ ಕೊನೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ 27994618 ಎಂದು ಬರೆದುಕೊಂಡನೆನ್ನೋಣ. ಗುಣಿಸಿದರೆ 12345626538 ಬರುತ್ತದೆ. ಅಂಕಿಗಳ ಮೊತ್ತ 45. ಒಂಬತ್ತರ ತಾಳೆಯಲ್ಲಿ ಉತ್ತರ ಪಾಸು. ಹಾರದ ತಾಳೆಯಲ್ಲಿ ಕಣ್ಣಾಡಿಸಿದ ಕ್ಷಣದಲ್ಲೇ ನಪಾಸು: 12345 ಎಂದು ಏರಿ 6 ಮುಟ್ಟಿದ ಮೇಲೆ ಇಳಿಯುವ ದಾರಿ ತಪ್ಪಿದೆ.

ಈ ತಾಳೆಯ ಬಲವೆಷ್ಟು? ಹನ್ನೊಂದು ಅಂಕಿಗಳ ಸಂಖ್ಯೆಗಳು ಒಟ್ಟು 9000 ಕೋಟಿ. ಅವುಗಳಲ್ಲಿ ಎರಡೂ ಕಡೆಯಿಂದ ಒಂದೇ ತೆರನಾಗಿ ಓದಿಸಿಕೊಳ್ಳುವವು, ಮೊದಲ ಆರು ಅಂಕಿಗಳಿಂದಲೇ ನಿರ್ಧಾರವಾಗುವುದರಿಂದ, ಕೇವಲ 9 ಲಕ್ಷ. ಲಕ್ಷಕ್ಕೆ ಒಂದು. ಮನುಷ್ಯರು ಮಾಡುವ ತಪ್ಪುಗಳು ಚೀಟಿ ಎತ್ತಿದಂತೆ ಬರುವುದಿಲ್ಲವಾದ್ದರಿಂದ ಈ ಲೆಕ್ಕವನ್ನು ಅಕ್ಷರಶಃ ಹಿಡಿಯಬಾರದು. ಆದರೂ ತಪ್ಪು ಉತ್ತರವೊಂದು ತಾನಾಗಿ ಹಾರವಾಗುವುದು ಬಹಳ ಅಪರೂಪವೆಂದು ಧೈರ್ಯವಾಗಿ ಹೇಳಬಹುದು.

ಓಲೆಗರಿಯ ಕಾಲದಲ್ಲಿ ಇದಕ್ಕೆ ಇನ್ನಷ್ಟು ಬೆಲೆಯಿತ್ತು. ಶ್ಲೋಕದಲ್ಲಿ ಸಂಖ್ಯೆಗಳನ್ನು ಅಂಕಿಗಳಲ್ಲಿ ಬರೆಯುವಂತಿಲ್ಲ. ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು, ಆಕಾಶ ಎಂದರೆ ಸೊನ್ನೆ ಎಂದು ಪದಗಳಲ್ಲಿ ಹೇಳುವುದು ಪದ್ಧತಿ. ಅದೂ ಬಿಡಿಯ ಸ್ಥಾನದಿಂದ ಆರಂಭಿಸಿ ಎಡಕ್ಕೆ. ಈ ಕ್ರಮ ಮರೆತವನು ಸಂಖ್ಯೆಯನ್ನು ತಲೆಕೆಳಗಾಗಿ ಓದಿಬಿಡುತ್ತಾನೆ. ಹಾರದ ಸಂಖ್ಯೆಗೆ ಮಾತ್ರ ಆ ಭಯವಿಲ್ಲ, ಯಾವ ತುದಿಯಿಂದ ಓದಿದರೂ ಅದೇ. ಮಹಾವೀರನು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಆರಿಸಿದನೆಂದು ಹೇಳಲು ಆಧಾರವಿಲ್ಲ. ಇದು ನನ್ನ ಊಹೆ.

ಪ್ರತಿ ಮಾಡಿದವರ ಕೈಯಿಂದ ಕೈಗೆ ಈ ಗ್ರಂಥ ಬಹುದೂರ ಸಾಗಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚಿಗೆ ತಂದದ್ದು 1912ರಲ್ಲಿ. ಅವರು ಬಳಸಿದ ಪ್ರತಿಗಳಲ್ಲಿ ಮೂಡುಬಿದಿರೆಯ ಓಲೆಗರಿಗಳೂ ಇದ್ದವು. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಆಗ ಮೂಡುಬಿದಿರೆ ಮತ್ತು ಕಾಸರಗೋಡು ಎರಡೂ ಮದರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, 1956ರವರೆಗೂ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಜೈನ ಮಠದಿಂದ 2000ದಲ್ಲಿ ಹೊರಬಂದಿದೆ. ಈ ಸಂಖ್ಯೆಯ ವಿವರಣೆಗೆ ಬೇಕಾದ ಗುಣಲಬ್ಧ, ಭಾಜಕ, ಅವಿಭಾಜ್ಯ, ವರ್ಗ, ಶೇಷ ಎಂಬ ಪದಗಳೆಲ್ಲ ಕನ್ನಡ ಮಾಧ್ಯಮದ ಪಾಠಗಳಲ್ಲಿ ಇಂದಿಗೂ ನಿತ್ಯ ಬಳಕೆಯಲ್ಲಿವೆ. ಮೇಲಿನ ಲೆಕ್ಕಗಳಲ್ಲಿ ಏಳನೆಯ ತರಗತಿಯ ಮಗುವಿಗೆ ಮೀರಿದ್ದು ಯಾವುದೂ ಇಲ್ಲ.

ಮನೆಯಲ್ಲಿ ಅಂಥ ಮಗುವಿದ್ದರೆ ಮಹಾವೀರನ ಇನ್ನೊಂದು ಲೆಕ್ಕವನ್ನು ಕೊಟ್ಟು ನೋಡಬಹುದು: 152207 × 73. ಉತ್ತರ ಎಂಟು ಒಂದುಗಳ ಸಾಲು. ಅದರ ವರ್ಗ ಎಷ್ಟೆಂದು ಗುಣಿಸದೆಯೇ ಹೇಳಲು ಬರುತ್ತದೆಯೇ ಎಂದು ಕೇಳಿ. ಬಂದರೆ, 73ರ ವರ್ಗವಾದ 5329ನ್ನು ಯಾವ ಸಂಖ್ಯೆಯಿಂದ ಗುಣಿಸಿದಾಗ ಆ ಹಾರ ಬರುವುದೆಂದೂ ಕೇಳಿ. ಹದಿನೈದು ಮನೆಗಳ ಉತ್ತರ. ಚೌಕುಳಿ ಹಾಳೆಯಾದರೆ ಒಳ್ಳೆಯದು.